ಬಡಾವಣೆಯ ಅಪಾಯದ ಕೂಡುರಸ್ತೆ ಸರಿಮಾಡಿಸುವುದು ಹೇಗೆ? ಮೈಸೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆ.ಆರ್. ಸರ್ಕಲ್ಲೋ ಹಾರ್ಡಿಂಜ್ ಸರ್ಕಲ್ಲೋ ಆದರೆ ಅಲ್ಲಿ ಏನು ಮಾಡಬೇಕು ಅಂತ ಯೋಚಿಸುವವರು ಇದ್ದೇ ಇರುತ್ತಾರೆ. ದಸರಾ ಹತ್ತಿರ ಬಂದರಂತೂ ದೊಡ್ಡ ಅಧಿಕಾರಿಗಳೇ ಬಂದು ನಿಂತು ನೋಡುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಹೆಸರೇ ಇಲ್ಲದ ಕೂಡುರಸ್ತೆಗಳ ಬಗ್ಗೆ. ಕುವೆಂಪುನಗರ, ವಿಜಯನಗರ, ರಾಮಕೃಷ್ಣನಗರ, ಬೋಗಾದಿ, ಎಲ್ಲಿ ಬೇಕಾದರೂ ನೋಡಿ, ಇಂಥದ್ದೊಂದು ಸಿಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಸ್ಕೂಲ್ ವ್ಯಾನು, ಸಿಟಿ ಬಸ್ಸು, ಹಾಲಿನ ಗಾಡಿ, ಮಗುವನ್ನು ಮುಂದೆ ನಿಲ್ಲಿಸಿಕೊಂಡ ಸ್ಕೂಟರು ಎಲ್ಲ ನಾಲ್ಕೂ ಕಡೆಯಿಂದ ಒಟ್ಟಿಗೆ ನುಗ್ಗುತ್ತವೆ. ಆಗಾಗ ಯಾರಾದರೂ ಬೀಳುತ್ತಾರೆ. ಅಕ್ಕಪಕ್ಕದ ಅಂಗಡಿಯವರು ಎತ್ತಿ ಕೂರಿಸಿ, ನೀರು ಕೊಟ್ಟು ಕಳಿಸುತ್ತಾರೆ. ಅಷ್ಟಕ್ಕೆ ಮುಗಿಯಿತು. ಅದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ದಾಖಲಾಗದ್ದು ಕಚೇರಿಗೆ ಕಾಣುವುದಿಲ್ಲ. ಈ ಇಡೀ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಕೂಡುರಸ್ತೆ ಸರಿಹೋಗಬೇಕಾದರೆ ಅಲ್ಲಿ ಏನಾಗುತ್ತಿದೆ ಅನ್ನುವುದು ಮೊದಲು ಕಾಗದದ ಮೇಲೆ ಬರಬೇಕು. ಬಡಾವಣೆಯವರು ಸಾಮಾನ್ಯವಾಗಿ "ಒಂದು ಹಂಪ್ ಹಾಕಿಸಿಕೊಡಿ" ಅಂತ ಬರೆದು ಬರುತ್ತಾರೆ. ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಹೆಸರು ಹೇಳಿದ ಹಾಗೆ ಅದು. ನೋವು ಎಲ್ಲಿ, ಯಾವಾಗ, ಎಷ್ಟು ಅಂತ ಹೇಳಿದರೆ ಮದ್ದು ಸರಿಯಾಗಿ ಸಿಗುತ್ತದೆ.

ಯಾರು ತೀರ್ಮಾನ ಮಾಡುತ್ತಾರೆ?

ಒಂದೇ ಕೂಡುರಸ್ತೆಗೆ ಇಬ್ಬರು ಯಜಮಾನರು ಅಂತ ತಿಳಿಯಿರಿ. ಡಾಂಬರು, ಫುಟ್‌ಪಾತ್, ಡಿವೈಡರ್, ಬಿಳಿ ಬಣ್ಣ, ಬೋರ್ಡಿನ ಕಂಬ ಇವೆಲ್ಲ ರಸ್ತೆ ಯಾರದೋ ಅವರ ಜವಾಬ್ದಾರಿ. ಅದರ ಮೇಲೆ ವಾಹನ ಹೇಗೆ ಓಡಬೇಕು, ಎಲ್ಲಿ ನಿಲ್ಲಬಾರದು, ಯಾವುದು ಒನ್ ವೇ ಅನ್ನುವ ಆದೇಶ ಬೇರೆಯವರದ್ದು.

ಆದೇಶದ ಅಧಿಕಾರ ಬರುವುದು 1988ರ ಮೋಟಾರು ವಾಹನ ಕಾಯ್ದೆಯಿಂದ. ಸೆಕ್ಷನ್ 112 ವೇಗಮಿತಿಗೆ, 115 ಸಂಚಾರ ನಿರ್ಬಂಧಕ್ಕೆ, 116 ಸಂಚಾರ ಫಲಕಗಳಿಗೆ, 117 ಪಾರ್ಕಿಂಗ್‌ಗೆ. ಮೈಸೂರು ನಗರದೊಳಗೆ ಇಂಥ ಆದೇಶ ಹೊರಡಿಸುವವರು ನಗರ ಪೊಲೀಸ್ ಆಯುಕ್ತರು. ಮಂಡ್ಯದಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ, ಹಾಗಾಗಿ ಅಲ್ಲಿ ಜಿಲ್ಲಾಧಿಕಾರಿಗಳ ಆದೇಶ ಬೇಕು. ಮಂಡ್ಯದ ಓದುಗರು ಈ ಬರಹದಲ್ಲಿ "ಪೊಲೀಸ್ ಆಯುಕ್ತರು" ಅಂತ ಬಂದ ಕಡೆ ಅದನ್ನು ನೆನಪಿಡಿ. ಪಾಲಿಕೆ ಅಂತ ಬಂದ ಕಡೆ ನಗರಸಭೆ ಅಂತ ಓದಿಕೊಳ್ಳಿ.

ಇನ್ನು ರಸ್ತೆ ಯಾರದ್ದು? ಬಡಾವಣೆಯ ಒಳಗಿನ ರಸ್ತೆ ಬಹುಪಾಲು ಮಹಾನಗರ ಪಾಲಿಕೆಯದ್ದು. ಪಾಲಿಕೆಗೆ ಇನ್ನೂ ಹಸ್ತಾಂತರ ಆಗದ ಹೊಸ ಬಡಾವಣೆಯಾದರೆ ಅಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಹಿಂದಿನ ಮುಡಾ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ಬೆಂಗಳೂರು ರಸ್ತೆ, ಹುಣಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಸೇರಿದವು, ನಂಜನಗೂಡು ರಸ್ತೆ 766ಕ್ಕೆ. ಹೆದ್ದಾರಿ ಊರೊಳಗೆ ಹಾದುಹೋಗುವ ಕಡೆ ಯಾವ ತುಂಡು ಯಾರ ಕೈಯಲ್ಲಿದೆ ಅನ್ನುವುದು ಗೊಂದಲವೇ. ಊಹೆ ಮಾಡಬೇಡಿ. ಪಾಲಿಕೆಯ ನಿಮ್ಮ ವಲಯ ಕಚೇರಿಗೆ ಹೋಗಿ ಅಸಿಸ್ಟೆಂಟ್ ಎಂಜಿನಿಯರ್ ಅವರನ್ನು ಕೇಳಿ. "ಸಾರ್, ಈ ರಸ್ತೆ ನಮ್ಮ ಪಾಲಿಕೆದಾ, ಪಿಡಬ್ಲ್ಯುಡಿದಾ?" ಅಂತ ಕೇಳಿದರೆ ಅಲ್ಲೇ ಹೇಳುತ್ತಾರೆ. ಈ ಒಂದು ಪ್ರಶ್ನೆ ಮೊದಲೇ ಕೇಳದೆ ಅರ್ಜಿ ತಪ್ಪು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತಿರುವುದು ತುಂಬಾ ಸಾಮಾನ್ಯ.

ಈ ಇಬ್ಬರನ್ನೂ ಒಂದೇ ಮೇಜಿಗೆ ತರುವ ಜಾಗವೂ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅದು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಸ್ಥಳೀಯ ಸಂಸ್ಥೆ ಎಲ್ಲರೂ ಅದರಲ್ಲಿರುತ್ತಾರೆ. ಎಸ್. ರಾಜಶೇಖರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರ್‌ನಲ್ಲಿ ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಲೇಬೇಕು ಅಂತ ಹೇಳಿದೆ. ನಿಮ್ಮ ವಿಷಯ ಆ ಸಮಿತಿಯ ಸಭೆಯ ಪಟ್ಟಿಗೆ ಸೇರಿತು ಅಂದರೆ ಅರ್ಧ ದಾರಿ ಬಂದ ಹಾಗೆ.

ಹೆಜ್ಜೆ 1: ಸುಮ್ನೆ ನಿಂತು ನೋಡಿ

ಮೊದಲ ದಿನ ಕೈಯಲ್ಲಿ ಏನೂ ಬೇಡ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಂದು ಗಂಟೆ, ಸಂಜೆ ಕತ್ತಲಾದ ಮೇಲೆ ಒಂದು ಗಂಟೆ ನಿಂತುಕೊಳ್ಳಿ. ವಾಹನಗಳನ್ನು ನೋಡುವುದಕ್ಕಿಂತ ಚಾಲಕರ ತಲೆಯನ್ನು ನೋಡಿ. ಅಡ್ಡರಸ್ತೆಯಿಂದ ಬರುವವರು ಯಾವ ಜಾಗದಲ್ಲಿ ಕತ್ತು ಚಾಚುತ್ತಾರೆ? ಅಲ್ಲಿ ಏನೋ ಅವರ ಕಣ್ಣಿಗೆ ಅಡ್ಡ ಇದೆ ಅಂತ ಅರ್ಥ. ಅದು ಟ್ರಾನ್ಸ್‌ಫಾರ್ಮರ್ ಇರಬಹುದು, ಹುಟ್ಟುಹಬ್ಬದ ಫ್ಲೆಕ್ಸ್ ಇರಬಹುದು, ಮೂಲೆಯಲ್ಲೇ ನಿಲ್ಲಿಸಿದ ಕಾರು, ಕಾಂಪೌಂಡಿನಿಂದ ಹೊರಬಂದ ಕಾಗದದ ಹೂವಿನ ಗಿಡ ಇರಬಹುದು.

ಬಲಕ್ಕೆ ತಿರುಗುವವರನ್ನು ಬೇರೆಯಾಗಿ ಗಮನಿಸಿ. ಮಧ್ಯದವರೆಗೆ ಬಂದು ತಿರುಗುತ್ತಾರಾ, ಮೂಲೆ ಕತ್ತರಿಸಿಕೊಂಡು ಎದುರಿನವರ ಮೇಲೆ ಹೋಗುತ್ತಾರಾ? ಎಡಮೂಲೆ ತುಂಬ ಅಗಲವಾಗಿ ಬಾಗಿದ್ದರೆ ಬೈಕುಗಳು ವೇಗ ಇಳಿಸದೆ ತಿರುಗುತ್ತವೆ. ಆ ಮೂಲೆಯಲ್ಲಿ ರಸ್ತೆ ದಾಟಲು ನಿಂತ ಅಜ್ಜಿ ಹಿಂದಕ್ಕೆ ಸರಿಯುತ್ತಾರೆ. ಅವರು ಹಿಂದೆ ಸರಿದ ಜಾಗವನ್ನು ಗುರುತು ಹಾಕಿಕೊಳ್ಳಿ.

ಆಮೇಲೆ ಅಲ್ಲೇ ದಿನವಿಡೀ ಇರುವವರನ್ನು ಮಾತಾಡಿಸಿ. ಹೂ ಮಾರುವವರು, ಟೀ ಅಂಗಡಿಯವರು, ಆಟೋ ಸ್ಟ್ಯಾಂಡಿನವರು. "ಅಣ್ಣ, ಇಲ್ಲಿ ಜಾಸ್ತಿ ಯಾವ ಕಡೆ ಗುದ್ದಾಡ್ತಾವೆ?" ಅಂತ ಕೇಳಿ ನೋಡಿ. "ಮಳೆ ಬಂದ್ರೆ ಆ ಮ್ಯಾನ್‌ಹೋಲ್ ಹತ್ರನೇ ಮೇಡಂ, ಬ್ರೇಕ್ ಹಾಕಿದ್ ತಕ್ಷಣ ಸ್ಕೂಟ್ರು ಜಾರ್ತವೆ" ಅನ್ನುವ ಉತ್ತರ ಬರುತ್ತದೆ. ಇಂಥ ಮಾಹಿತಿ ಯಾವ ಸರ್ವೆಯಲ್ಲೂ ಸಿಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಮುಂದೆ ಪಾರ್ಕಿಂಗ್ ತೆಗೆಸುವ, ಸ್ಟ್ಯಾಂಡ್ ಸರಿಸುವ ಮಾತು ಬಂದಾಗ ಅವರು ನಿಮಗೆ ಎದುರಾಳಿಗಳಾಗುವುದಿಲ್ಲ.

ಹೆಜ್ಜೆ 2: ಎಣಿಸಿ, ಅಳೆಯಿರಿ

ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ. ನಾಲ್ಕು ಜನ ಇದ್ದರೆ ಸಾಕು, ಒಬ್ಬೊಬ್ಬರು ಒಂದೊಂದು ರಸ್ತೆ ನೋಡಿಕೊಳ್ಳಿ. ಹಾಳೆಯಲ್ಲಿ ಬೈಕು, ಆಟೋ, ಕಾರು, ಬಸ್ಸು-ಲಾರಿ, ಸೈಕಲ್, ನಡೆಯುವವರು ಅಂತ ಕಾಲಂಗಳು ಮಾಡಿ. ಪ್ರತಿ 15 ನಿಮಿಷಕ್ಕೆ ಒಂದು ಸಾಲು. ಐದೈದು ಗೀಟಿನ ಲೆಕ್ಕ. ಸೋಮವಾರ, ಶನಿವಾರ ಬಿಟ್ಟು ವಾರದ ಮಧ್ಯದ ಒಂದು ಸಾಧಾರಣ ದಿನ ಆರಿಸಿ. ರಜಾ ದಿನ, ಹಬ್ಬದ ದಿನ ಬೇಡ. ದಸರಾ ವಾರದ ಎಣಿಕೆ ಹಿಡಿದುಕೊಂಡು ಹೋದರೆ ಯಾವ ಎಂಜಿನಿಯರೂ ಒಪ್ಪುವುದಿಲ್ಲ. ಮಂಡ್ಯದಲ್ಲಿ ಮಾತ್ರ ಇದಕ್ಕೆ ಒಂದು ಸೇರ್ಪಡೆ ಬೇಕು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್, ಎತ್ತಿನಗಾಡಿಗಳ ಲೆಕ್ಕವನ್ನು ರಾತ್ರಿ ಹೊತ್ತು ಬೇರೆಯಾಗಿ ತೆಗೆಯಿರಿ. ಹಿಂದೆ ಕೆಂಪು ದೀಪವೂ ಇಲ್ಲದೆ, ಪ್ರತಿಫಲಿಸುವ ಸ್ಟಿಕ್ಕರೂ ಇಲ್ಲದೆ ಹೋಗುವ ಗಾಡಿಗಳು ಎಷ್ಟು ಅನ್ನುವುದೂ ಅದರಲ್ಲಿ ಬರಲಿ.

ವೇಗ ಅಳೆಯುವುದು ಕಷ್ಟ ಅಂತ ಜನ ಅಂದುಕೊಳ್ಳುತ್ತಾರೆ. ಟೇಪಿನಲ್ಲಿ ರಸ್ತೆ ಪಕ್ಕ ಸರಿಯಾಗಿ 50 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗುರುತು ಹಾಕಿ. ವಾಹನ ಮೊದಲ ಗುರುತು ದಾಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತದೆ. 6 ಸೆಕೆಂಡ್ ಆದರೆ 30 ಕಿ.ಮೀ., 4.5 ಸೆಕೆಂಡ್ ಆದರೆ 40, 3.6 ಆದರೆ 50. ಹೀಗೆ 40 ವಾಹನ ಅಳೆದು, ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, 34ನೆಯದನ್ನು ನೋಡಿ. ನೂರಕ್ಕೆ 85 ಜನ ಆ ವೇಗದಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಹೋಗುತ್ತಾರೆ ಅಂತ ಅರ್ಥ. ಎಂಜಿನಿಯರುಗಳು ಕೇಳುವುದು ಸರಾಸರಿಯನ್ನಲ್ಲ, ಇದೇ ಅಂಕಿಯನ್ನು.

ವೇಗಕ್ಕೆ ಇಷ್ಟು ಒತ್ತು ಯಾಕೆ ಅಂತ ಕೇಳಬಹುದು. 30ರಲ್ಲಿ ಹೋಗುವ ವಾಹನಕ್ಕಿಂತ 50ರಲ್ಲಿ ಹೋಗುವ ಅದೇ ವಾಹನಕ್ಕೆ ಗುದ್ದುವ ಶಕ್ತಿ ಸುಮಾರು 2.8 ಪಟ್ಟು. ವೇಗ ಸ್ವಲ್ಪ ಏರಿದರೂ ಪೆಟ್ಟು ಬಹಳ ಏರುತ್ತದೆ. ಶಾಲೆ ಮಕ್ಕಳು ದಾಟುವ ಕಡೆ ಇದು ಬದುಕು ಸಾವಿನ ಲೆಕ್ಕ.

ಅಪಘಾತ ಆಗಬೇಕಿತ್ತು, ಕೂದಲೆಳೆಯಲ್ಲಿ ತಪ್ಪಿತು ಅನ್ನುವ ಘಟನೆಗಳನ್ನೂ ಬರೆದಿಡಿ. ಕಿರ್ ಅಂತ ಬ್ರೇಕ್ ಹಾಕಿದ್ದು, ಹಠಾತ್ತಾಗಿ ಪಕ್ಕಕ್ಕೆ ಎಳೆದದ್ದು, ನಡೆಯುವವರು ಓಡಿದ್ದು. ಸಮಯ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಎರಡೇ ವಿವರ ಸಾಕು. ಕೂಡುರಸ್ತೆಯ ಒಂದು ನಕ್ಷೆ ಬಿಡಿಸಿ ಅದರ ಮೇಲೆ ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆಗಳು ಬಹುಪಾಲು ಒಂದೆರಡು ಕಡೆ ಗುಂಪಾಗುತ್ತವೆ. ಅದನ್ನು ನೋಡಿದಾಗ ಇಡೀ ಜಂಕ್ಷನ್ ಕೆಟ್ಟಿಲ್ಲ, ಒಂದು ತಿರುವು ಮಾತ್ರ ಕೆಟ್ಟಿದೆ ಅಂತ ಗೊತ್ತಾಗಬಹುದು.

ಹೆಜ್ಜೆ 3: ಪೊಲೀಸ್ ದಾಖಲೆ ತೆಗೆಯಿರಿ

ನಿಮ್ಮ ಪ್ರದೇಶದ ಸಂಚಾರ ಠಾಣೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ದೇವರಾಜ, ಕೃಷ್ಣರಾಜ, ನರಸಿಂಹರಾಜ, ವಿ.ವಿ. ಪುರಂ, ಸಿದ್ಧಾರ್ಥನಗರ, ಹೀಗೆ ನಗರವನ್ನು ಹಂಚಿಕೊಂಡ ಠಾಣೆಗಳಿವೆ. ಇನ್ಸ್‌ಪೆಕ್ಟರ್ ಅವರನ್ನು ಭೇಟಿಯಾಗಿ ಕೇಳಿದರೆ ಎಷ್ಟೋ ಸಲ ಬಾಯಿಮಾತಿನಲ್ಲೇ ಚಿತ್ರ ಸಿಗುತ್ತದೆ. ಕಾಗದದಲ್ಲೇ ಬೇಕು ಅಂದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅನ್ನುವ ನಿಯಮವಿದೆ. ಆದ್ದರಿಂದ ಚಿಕ್ಕದಾಗಿ ಹೀಗೆ ಬರೆಯಿರಿ:

"ಕಳೆದ 3 ವರ್ಷಗಳಲ್ಲಿ ____ ಕೂಡುರಸ್ತೆಯ ಸುತ್ತಮುತ್ತ ದಾಖಲಾದ ರಸ್ತೆ ಅಪಘಾತ ಪ್ರಕರಣಗಳ ಸಂಖ್ಯೆ, ಪ್ರತಿಯೊಂದರ ದಿನಾಂಕ, ಸಮಯ, ವಾಹನದ ಬಗೆ, ಸಾವು ಮತ್ತು ಗಾಯದ ವಿವರ ನೀಡಿ. ವ್ಯಕ್ತಿಗಳ ಹೆಸರು, ವಿಳಾಸ ಬೇಕಾಗಿಲ್ಲ."

ಕೊನೆಯ ವಾಕ್ಯ ಮರೆಯಬೇಡಿ. ಖಾಸಗಿ ಮಾಹಿತಿ ಅನ್ನುವ ಕಾರಣಕ್ಕೆ ಅರ್ಜಿ ವಾಪಸ್ ಬರುವುದು ಅದರಿಂದ ತಪ್ಪುತ್ತದೆ.

"ಬ್ಲ್ಯಾಕ್ ಸ್ಪಾಟ್" ಅಂತ ಎಲ್ಲರೂ ಹೇಳುತ್ತಾರೆ, ಅಂದರೆ ಅಪಘಾತ ಮತ್ತೆ ಮತ್ತೆ ಆಗುವ ಜಾಗ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸಾರಿಗೆ ಸಚಿವಾಲಯ ಇಟ್ಟ ಅಳತೆ ಹೀಗಿದೆ: ಸುಮಾರು 500 ಮೀಟರ್ ಉದ್ದದೊಳಗೆ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಬಡಾವಣೆಯ ಕೂಡುರಸ್ತೆ ಆ ಅಳತೆ ಮುಟ್ಟುವುದು ಅಪರೂಪ, ಮುಟ್ಟಲೂಬಾರದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಹೋದರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಒಂದು ಜಾಗ ಅಪಾಯ ಅಂತ ಸಾಬೀತಾಗುವುದಕ್ಕೆ ಸಾವನ್ನೇ ಕಾಯಬೇಕಾ? ಅದಕ್ಕೇ ನಿಮ್ಮ ಚುಕ್ಕೆ ನಕ್ಷೆಗೆ ಅಷ್ಟು ಬೆಲೆ.

ಹೆಜ್ಜೆ 4: ಯಾವ ಮದ್ದು ಎಲ್ಲಿಗೆ ಅಂತ ತಿಳಿದುಕೊಳ್ಳಿ

ತೀರ್ಮಾನ ಎಂಜಿನಿಯರ್, ಪೊಲೀಸರದ್ದು. ಆದರೆ ನಿಮಗೂ ಅಂದಾಜಿರಲಿ. ಇವರೆಲ್ಲ ಹಿಡಿದು ನೋಡುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಅನ್ನುವ ರಸ್ತೆ ಎಂಜಿನಿಯರುಗಳ ಸಂಸ್ಥೆಯ ಕೈಪಿಡಿಗಳನ್ನು. ಫಲಕಗಳಿಗೆ ಐಆರ್‌ಸಿ 67, ರಸ್ತೆ ಬಣ್ಣಕ್ಕೆ 35, ಸಿಗ್ನಲ್‌ಗೆ 93, ವೇಗ ತಗ್ಗಿಸುವ ಕ್ರಮಗಳಿಗೆ 99, ನಡೆಯುವವರ ಸೌಕರ್ಯಕ್ಕೆ 103. ಅರ್ಜಿಯಲ್ಲಿ ಈ ಸಂಖ್ಯೆ ಹಾಕಿದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಮೊದಲ ಮದ್ದು ಕಣ್ಣಿಗೆ ಅಡ್ಡ ಇರುವುದನ್ನು ತೆಗೆಯುವುದು. ಕೊಂಬೆ ಕಡಿಯುವುದು, ಫ್ಲೆಕ್ಸ್ ಇಳಿಸುವುದು, ಮೂಲೆಯ ಪಾರ್ಕಿಂಗ್ ನಿಲ್ಲಿಸುವುದು. ಇದಕ್ಕೆ ಹೆಚ್ಚು ಖರ್ಚಿಲ್ಲ, ಟೆಂಡರ್ ಇಲ್ಲ. ಸಂಚಾರ ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರ ಸೆಕ್ಷನ್ 116ರಲ್ಲೇ ಇದೆ. ಎಷ್ಟೋ ಕೂಡುರಸ್ತೆಗಳು ಇಷ್ಟರಿಂದಲೇ ಅರ್ಧ ಸರಿಹೋಗುತ್ತವೆ ಅಂತ ನನಗೆ ಗಟ್ಟಿ ನಂಬಿಕೆ.

ಎರಡನೆಯದು ಬಣ್ಣ ಮತ್ತು ಬೋರ್ಡು. ಯಾವ ರಸ್ತೆ ದೊಡ್ಡದು, ಯಾರು ನಿಲ್ಲಬೇಕು ಅನ್ನುವುದು ರಸ್ತೆಯೇ ಹೇಳಬೇಕು. ಅಡ್ಡರಸ್ತೆಗೆ ಎಂಟು ಮೂಲೆಯ ಕೆಂಪು ನಿಲ್ಲಿ ಫಲಕ, ಇಲ್ಲವೇ ತಲೆಕೆಳಗಾದ ತ್ರಿಕೋನದ ದಾರಿ ಬಿಡಿ ಫಲಕ. ಅದರ ಜೊತೆ ನಿಲುಗಡೆ ಗೆರೆ, ಅದರ ಮುಂದೆ ಜೀಬ್ರಾ ಪಟ್ಟೆ. ಕೆಂಪು ವೃತ್ತ ಅಂದರೆ ಮಾಡಬಾರದು, ನೀಲಿ ವೃತ್ತ ಅಂದರೆ ಮಾಡಲೇಬೇಕು, ಕೆಂಪು ಅಂಚಿನ ತ್ರಿಕೋನ ಅಂದರೆ ಎಚ್ಚರಿಕೆ, ನೀಲಿ ಚೌಕ ಅಂದರೆ ಮಾಹಿತಿ. ಎಚ್ಚರಿಕೆಯ ಫಲಕವನ್ನು ಯಾರೂ ಪಾಲಿಸಲೇಬೇಕು ಅಂತಿಲ್ಲ, ಕೆಂಪು ವೃತ್ತವನ್ನು ಮುರಿದರೆ ದಂಡ. ಹಾಗಾಗಿ ಅದಕ್ಕೆ ಪೊಲೀಸ್ ಆಯುಕ್ತರ ಆದೇಶದ ಬೆಂಬಲ ಬೇಕೇ ಬೇಕು. ಬಡಾವಣೆಯವರೇ ದುಡ್ಡು ಹಾಕಿ ಬೋರ್ಡು ನೆಡುವ ಹಾಗಿಲ್ಲ. ಆ ಬೋರ್ಡಿಗೆ ಕಾನೂನಿನ ಬೆಲೆಯೂ ಇರುವುದಿಲ್ಲ.

ಇನ್ನು ಹಂಪು. ಜನರ ಮೊದಲ ಬೇಡಿಕೆ, ನನ್ನ ಪ್ರಕಾರ ಅತಿ ಹೆಚ್ಚು ಕೆಟ್ಟದಾಗಿ ಮಾಡುವ ಕೆಲಸ. ಕೈಪಿಡಿಯ ಪ್ರಕಾರ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ಬಿಳಿ ಬಣ್ಣ ಬೇಕು. ನಮ್ಮ ಬೀದಿಗಳಲ್ಲಿ ಇರುವುದು ರಾತ್ರೋರಾತ್ರಿ ಡಾಂಬರಿನ ಉಂಡೆ ಸುರಿದು ಮಾಡಿದ ಗೋಡೆಗಳು. ಬಣ್ಣ ಇಲ್ಲ, ಬೀದಿದೀಪ ಇಲ್ಲ. ಹಿಂದೆ ಕೂತ ಹೆಂಗಸರು ಎಗರಿ ಬೀಳುತ್ತಾರೆ, ಆಂಬುಲೆನ್ಸಿನಲ್ಲಿರುವ ರೋಗಿಗೆ ಪ್ರಾಣಸಂಕಟ. ಹಂಪಿಗಿಂತ ಒಳ್ಳೆಯದು ಎತ್ತರಿಸಿದ ಜೀಬ್ರಾ. ಫುಟ್‌ಪಾತಿನ ಮಟ್ಟಕ್ಕೆ ರಸ್ತೆಯನ್ನೇ ಚಪ್ಪಟೆಯಾಗಿ ಎತ್ತುವುದು. ವಾಹನ ನಿಧಾನವಾಗುತ್ತದೆ, ಮಕ್ಕಳು, ವಯಸ್ಸಾದವರು ಇಳಿಯದೆ ಹತ್ತದೆ ದಾಟುತ್ತಾರೆ. ಶಾಲೆ, ಆಸ್ಪತ್ರೆ, ದೇವಸ್ಥಾನದ ಮುಂದೆ ನಾನು ಮೊದಲು ಕೇಳುವುದು ಇದನ್ನೇ.

ರಸ್ತೆ ಅಗಲವಾಗಿದ್ದರೆ ಮಧ್ಯದಲ್ಲಿ ನಿಲ್ಲಲು ಒಂದು ದ್ವೀಪ ಬೇಕು. 14 ಮೀಟರ್ ರಸ್ತೆಯನ್ನು ಗಟ್ಟಿಮುಟ್ಟಾದವರು ಸುಮಾರು 12 ಸೆಕೆಂಡಿನಲ್ಲಿ ದಾಟಬಹುದು. ಮಂಡಿನೋವಿನ ಅಮ್ಮನಿಗೆ 18 ಸೆಕೆಂಡ್ ಬೇಕಾಗುತ್ತದೆ. ಅಷ್ಟು ಹೊತ್ತು ಎರಡೂ ಕಡೆ ಖಾಲಿ ಸಿಗುವುದು ಕನಸಿನ ಮಾತು. ಮಧ್ಯದಲ್ಲಿ ನಿಲ್ಲುವ ಜಾಗ ಇದ್ದರೆ ಒಂದು ಸಲಕ್ಕೆ ಒಂದೇ ಕಡೆ ನೋಡಿ ದಾಟಬಹುದು.

ಸರ್ಕಲ್ ಮಾಡುವುದು ಮೈಸೂರಿಗೆ ಹೊಸದೇನಲ್ಲ. ಅದರ ಹಿಂದಿನ ಲೆಕ್ಕ ತಿಳಿದಿರಲಿ. ಎರಡು ರಸ್ತೆ ಅಡ್ಡ ಹಾಯುವ ಕಡೆ ವಾಹನಗಳು ಒಂದಕ್ಕೊಂದು ಎದುರಾಗಬಹುದಾದ ಬಿಂದುಗಳು 32. ಅಲ್ಲೇ ಒಂದು ವೃತ್ತ ಇಟ್ಟರೆ 8. ವೃತ್ತವಿಲ್ಲದೆ ಮೂರು ರಸ್ತೆ ಸೇರುವ ಕಡೆ 9. ವೃತ್ತದಲ್ಲಿ ನೇರ ಎದುರುಬದುರು ಡಿಕ್ಕಿ ಇರುವುದಿಲ್ಲ, ಎಲ್ಲರೂ ನಿಧಾನ ಮಾಡಲೇಬೇಕು. ಆದರೆ ಇದು ಫಲ ಕೊಡುವುದು ಒಂದು ನಿಯಮ ಪಾಲಿಸಿದಾಗ ಮಾತ್ರ: ವೃತ್ತದೊಳಗೆ ಆಗಲೇ ಸುತ್ತುತ್ತಿರುವವರಿಗೆ ಮೊದಲ ಹಕ್ಕು, ಹೊಸದಾಗಿ ಬರುವವರು ಕಾಯಬೇಕು. ಇದು ಕಾನೂನಿನಲ್ಲೇ ಇದೆ, ಪಾಲಿಸುವವರು ಕಡಿಮೆ. ಹಾಗಾಗಿ ಪ್ರತಿ ರಸ್ತೆಯ ಬಾಯಲ್ಲೂ ದಾರಿ ಬಿಡಿ ಫಲಕ ಮತ್ತು ಗೆರೆ ಕೇಳಿ. ಬರೀ ಮಧ್ಯದಲ್ಲಿ ಒಂದು ಕಟ್ಟೆ ಕಟ್ಟಿದರೆ ಪ್ರಯೋಜನ ಇಲ್ಲ.

ಸಿಗ್ನಲ್ ಕೊನೆಯದು. ಅದಕ್ಕೂ ಅಳತೆ ಇದೆ. ಒಂದೊಂದು ಲೇನಿನ ರಸ್ತೆಗಳಾದರೆ ದೊಡ್ಡ ರಸ್ತೆಯಲ್ಲಿ ಎರಡೂ ದಿಕ್ಕು ಸೇರಿ ಗಂಟೆಗೆ 650 ವಾಹನ, ಅಡ್ಡರಸ್ತೆಯಲ್ಲಿ 200, ಅದೂ ದಿನದ 8 ಗಂಟೆಗಳ ಕಾಲ. ನಡೆಯುವವರ ಸಲುವಾಗಿ ಆದರೆ ಗಂಟೆಗೆ 600 ವಾಹನ, 150 ಜನ ದಾಟುವವರು. ನಿಮ್ಮ ಎಣಿಕೆ ಇದರ ಹತ್ತಿರವೂ ಬರದಿದ್ದರೆ ಸಿಗ್ನಲ್ ಕೇಳಬೇಡಿ. ಖಾಲಿ ರಸ್ತೆಯಲ್ಲಿ ಕೆಂಪು ದೀಪ ಉರಿದರೆ ಜನ ಹಾರಿಸಿಕೊಂಡು ಹೋಗಲು ಕಲಿಯುತ್ತಾರೆ. ಹಸಿರು ಕಂಡು ಧೈರ್ಯವಾಗಿ ಬಂದವರು ಗುದ್ದಿಸಿಕೊಳ್ಳುತ್ತಾರೆ.

ಹೆಜ್ಜೆ 5: ಅರ್ಜಿ

ಒಂದೇ ಪುಟ. ಜೊತೆಗೆ ನಕ್ಷೆ, ಎಣಿಕೆಯ ಹಾಳೆ, ನಾಲ್ಕೈದು ಫೋಟೊ. ಮಾದರಿ ಹೀಗಿರಲಿ:

"ಮಾನ್ಯರೇ,
____ ಬಡಾವಣೆಯ ____ ಮುಖ್ಯರಸ್ತೆ ಮತ್ತು ____ ಅಡ್ಡರಸ್ತೆ ಸೇರುವ ಜಾಗದಲ್ಲಿ ಬೆಳಿಗ್ಗೆ 8ರಿಂದ 9ರವರೆಗೆ ____ ವಾಹನಗಳು, ____ ಪಾದಚಾರಿಗಳು ಹಾದುಹೋಗುತ್ತಾರೆ. ಅವರಲ್ಲಿ ____ ಜನ ಶಾಲಾ ಮಕ್ಕಳು. ಮುಖ್ಯರಸ್ತೆಯಲ್ಲಿ ನೂರಕ್ಕೆ 85 ವಾಹನಗಳ ವೇಗ ____ ಕಿ.ಮೀ. ಒಳಗಿದೆ, ಉಳಿದವು ಅದಕ್ಕಿಂತ ವೇಗವಾಗಿ ಹೋಗುತ್ತಿವೆ. ಅಡ್ಡರಸ್ತೆಯಿಂದ ಬರುವವರಿಗೆ ಬಲಗಡೆ ____ ಅಡ್ಡವಾಗಿ ಮುಖ್ಯರಸ್ತೆ ಕಾಣುವುದಿಲ್ಲ. 3 ವರ್ಷಗಳಲ್ಲಿ ____ ಪ್ರಕರಣಗಳು ದಾಖಲಾಗಿವೆ. ದಯವಿಟ್ಟು ಸಂಚಾರ ಪೊಲೀಸ್ ಮತ್ತು ಪಾಲಿಕೆಯ ಎಂಜಿನಿಯರ್ ಅವರಿಂದ ಜಂಟಿ ಸ್ಥಳ ಪರಿಶೀಲನೆ ಮಾಡಿಸಿ, ಸೂಕ್ತ ಕ್ರಮ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ."

ಇದರಲ್ಲಿ ಹಂಪು, ಸಿಗ್ನಲ್ ಅನ್ನುವ ಪದವೇ ಇಲ್ಲ, ನೋಡಿ. ಬೇಡಿಕೆ ಒಂದೇ, ಜಂಟಿ ಸ್ಥಳ ಪರಿಶೀಲನೆ. ಅದಕ್ಕೆ ಇಲ್ಲ ಅನ್ನುವುದು ಯಾವ ಅಧಿಕಾರಿಗೂ ಕಷ್ಟ.

ನಗರ ಪೊಲೀಸ್ ಆಯುಕ್ತರು, ಪಾಲಿಕೆ ಆಯುಕ್ತರು ಇಬ್ಬರಿಗೂ ಬರೆಯಿರಿ. ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ಅಂತ ಸಂಬೋಧಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. 1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಮುಂದಿನ ಪತ್ರಗಳಲ್ಲಿ ಆ ಸಂಖ್ಯೆ ಹಾಕಿ. ಸಹಿ ಮಾಡಿದವರಲ್ಲಿ ಶಾಲೆಯ ಮುಖ್ಯಶಿಕ್ಷಕರು, ಆಟೋ ಸ್ಟ್ಯಾಂಡಿನವರು, ಅಂಗಡಿಯವರು ಇದ್ದರೆ ತೂಕ ಜಾಸ್ತಿ.

ಹೆಜ್ಜೆ 6: ಸ್ಥಳ ಪರಿಶೀಲನೆಯ ದಿನ

ಅಧಿಕಾರಿಗಳು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆ. ಆಗ ರಸ್ತೆ ಖಾಲಿ. "ಏನೂ ಸಮಸ್ಯೆ ಕಾಣ್ತಿಲ್ವಲ್ಲಾ" ಅಂತ ಹೇಳಿ ಹೊರಟುಬಿಡಬಹುದು. ಆದ್ದರಿಂದ ಶಾಲೆ ಬಿಡುವ ಹೊತ್ತಿಗೆ ಬರಲು ಮೊದಲೇ ವಿನಂತಿ ಮಾಡಿ, ಆಗದಿದ್ದರೆ ಫೋನಿನಲ್ಲಿ ಆ ಹೊತ್ತಿನ ವಿಡಿಯೊ ಇಟ್ಟುಕೊಳ್ಳಿ. ಮೂರ್ನಾಲ್ಕು ಜನ ಸಾಕು. ಇಪ್ಪತ್ತು ಜನ ಸುತ್ತುವರಿದರೆ ಮಾತು ಜಗಳದ ಕಡೆ ತಿರುಗುತ್ತದೆ. ಅಧಿಕಾರಿಗಳನ್ನು ಅಡ್ಡರಸ್ತೆಯ ಬಾಯಲ್ಲಿ ಸ್ಕೂಟರ್ ಸವಾರರು ನಿಲ್ಲುವ ಜಾಗದಲ್ಲೇ ನಿಲ್ಲಿಸಿ, ಏನು ಕಾಣುತ್ತದೆ ಅಂತ ಅವರನ್ನೇ ಕೇಳಿ. ಇದಕ್ಕಿಂತ ದೊಡ್ಡ ವಾದ ಬೇಡ.

ಅಲ್ಲೇ ಒಂದು ಪ್ರಯೋಗಕ್ಕೆ ಕೇಳಿ. ಸೆಕ್ಷನ್ 115ರ ಪ್ರಕಾರ ಒಂದು ತಿಂಗಳು ಮೀರದ ಸಂಚಾರ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ದಸರಾದಲ್ಲಿ ಅರಮನೆ ಸುತ್ತ ಒನ್ ವೇ ಮಾಡುತ್ತಾರಲ್ಲ, ಅಂಥ ತಾತ್ಕಾಲಿಕ ವ್ಯವಸ್ಥೆ ಬಡಾವಣೆಯಲ್ಲೂ ಸಾಧ್ಯ. ಪೊಲೀಸರ ಕೋನು, ಬ್ಯಾರಿಕೇಡು, ಮರಳಿನ ಚೀಲ ಇಟ್ಟು ಮೂಲೆಯನ್ನು ಕಿರಿದು ಮಾಡಿ ಅಥವಾ ಬಲತಿರುವು ನಿಲ್ಲಿಸಿ ನೋಡಬಹುದು. ಚೆನ್ನಾಗಿಲ್ಲ ಅಂದರೆ ತೆಗೆದುಬಿಡಬಹುದು. ಕಲ್ಲು ಕಟ್ಟಿದ ಮೇಲೆ ಒಡೆಯುವುದು ಕಷ್ಟ. ಆ ತಿಂಗಳಲ್ಲಿ ಮತ್ತೆ ಅದೇ ದಿನ, ಅದೇ ಹೊತ್ತು, ಅದೇ 50 ಮೀಟರ್‌ನಲ್ಲಿ ಅಳೆಯಿರಿ. ಮುಂಚೆ ಇಷ್ಟು, ಈಗ ಇಷ್ಟು ಅನ್ನುವ ಎರಡು ಅಂಕಿ ಮುಂದಿನ ಅಂದಾಜುಪಟ್ಟಿಗೆ ಆಧಾರ.

ವಿರೋಧ ಬರುತ್ತದೆ. ಅಂಗಡಿ ಮುಂದೆ ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಅನ್ನುವ ಭಯ ಅವರದ್ದು, ಅದು ನಿಜವಾದ ಭಯ. ಇಡೀ ಸಾಲು ಕೇಳಬೇಡಿ, ಮೂಲೆಯಿಂದ ಎರಡು ಕಾರಿನಷ್ಟು ಜಾಗ ಮಾತ್ರ ಬಿಡಿ ಅಂತ ಕೇಳಿ. ಆಟೋದವರಿಗೆ ಬದಲಿ ಜಾಗ ಎಲ್ಲಿ ಅಂತ ತೋರಿಸದೆ ಸ್ಟ್ಯಾಂಡ್ ತೆಗೆಸುವ ಮಾತೇ ಎತ್ತಬೇಡಿ.

ಹೆಜ್ಜೆ 7: ಬೆನ್ನು ಹತ್ತುವುದು

ಒಪ್ಪಿಗೆ ಸಿಕ್ಕ ಮೇಲೆ ಕಡತ ಎರಡು ದಾರಿಯಲ್ಲಿ ಹೋಗುತ್ತದೆ. ಆದೇಶದ ಕಡತ ಪೊಲೀಸ್ ಆಯುಕ್ತರ ಕಚೇರಿಗೆ, ಕಾಮಗಾರಿಯ ಕಡತ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಅಂತ ಪಾಲಿಕೆಯಲ್ಲಿ. ಎರಡನೆಯದೇ ನಿಧಾನ. ಪಾಲಿಕೆಯ ಬಜೆಟ್ ಏಪ್ರಿಲ್‌ಗೆ ಮುಂಚೆ ಸಿದ್ಧವಾಗುವುದರಿಂದ ನಿಮ್ಮ ಕೆಲಸ ಡಿಸೆಂಬರ್, ಜನವರಿಯಲ್ಲೇ ಎಂಜಿನಿಯರ್ ಪಟ್ಟಿಯಲ್ಲಿ ಇರುವಂತೆ ನೋಡಿಕೊಳ್ಳಿ. ಆ ರಸ್ತೆಗೆ ಹೊಸ ಡಾಂಬರು ಬರುವ ಸುದ್ದಿ ಇದ್ದರೆ ಇನ್ನೂ ಒಳ್ಳೆಯದು. ಗೆರೆ, ಜೀಬ್ರಾ, ಎತ್ತರಿಸಿದ ಪಟ್ಟೆ ಎಲ್ಲವನ್ನೂ ಅದೇ ಕಾಮಗಾರಿಯ ಅಂದಾಜಿನಲ್ಲಿ ಸೇರಿಸಲು ಹೇಳಿ. ಆಮೇಲೆ ಬೇರೆಯಾಗಿ ಮಾಡಿಸುವುದು ಬಹಳ ದೂರದ ಮಾತು.

ಎಲ್ಲೂ ಅಲುಗಾಡದಿದ್ದರೆ ಕಡತದ ಟಿಪ್ಪಣಿ ಪುಟಗಳ ನಕಲು ಕೇಳಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಅಂತ ಗೊತ್ತಾಗುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 198ಎ ಬಗ್ಗೆಯೂ ವಿನಯವಾಗಿ ನೆನಪಿಸಬಹುದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಜವಾಬ್ದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಅಂತ ಅದು ಹೇಳುತ್ತದೆ. ಬೆದರಿಕೆಯ ಹಾಗೆ ಬರೆಯಬೇಡಿ. "ನಮ್ಮ ಹಿಂದಿನ ಅರ್ಜಿಯಲ್ಲಿ ಈ ಅಪಾಯವನ್ನು ಗಮನಕ್ಕೆ ತಂದಿದ್ದೇವೆ" ಅನ್ನುವ ಒಂದು ಸಾಲು ಸಾಕು.

ಕೆಲಸ ಮುಗಿದ ಮೇಲೆ ರಾತ್ರಿ ಒಮ್ಮೆ ಹೋಗಿ ನೋಡಿ. ಫಲಕ ಹೆಡ್‌ಲೈಟಿಗೆ ಹೊಳೆಯುತ್ತಾ? ನಡೆಯುವವರ ತಲೆಗೆ ತಾಗುವಷ್ಟು ಕೆಳಗಿದೆಯಾ? ನಿಲುಗಡೆ ಗೆರೆ ಮಳೆಯಲ್ಲಿ ಕಾಣುತ್ತಾ? ಗುತ್ತಿಗೆದಾರರಿಗೆ ಬಿಲ್ ಪಾಸಾಗುವ ಮುಂಚೆಯೇ ಕೊರತೆಗಳನ್ನು ಬರೆದುಕೊಟ್ಟರೆ ಸರಿಮಾಡುತ್ತಾರೆ, ಆಮೇಲೆ ಹೇಳಿದರೆ ಕಷ್ಟ. ಮುಂದೆ ವರ್ಷಕ್ಕೆ ಎರಡು ಸಲ ನೋಡಿಕೊಂಡರೆ ಸಾಕು. ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಬಣ್ಣ ಮಾಸಿದ್ದರೆ, ಕೊಂಬೆ ಮತ್ತೆ ಬೆಳೆದು ಫಲಕ ಮುಚ್ಚಿದ್ದರೆ, ಒಳಚರಂಡಿಗೆ (ಯುಜಿಡಿ) ಅಗೆದು ಜೀಬ್ರಾ ಅರ್ಧ ಹೋಗಿದ್ದರೆ, ಫೋಟೊ ತೆಗೆದು ಹಳೆಯ ದೂರಿನ ಸಂಖ್ಯೆಯ ಜೊತೆ ವಲಯ ಕಚೇರಿಗೆ ಅದೇ ದಿನ ಕಳಿಸಿ.